ಮರದ ಜಾತಿ ಮೊಬೈಲ್ ಹೇಳುತ್ತಾ?

ಬದುವಿನಲ್ಲಿ ಮಹಾಗನಿ ಹಾಕಿರುವ ಯುವ ರೈತರು ನನ್ನನ್ನು ಆಗಾಗ ಕೇಳೋ ಪ್ರಶ್ನೆ ಇದು. ಹಲಗೆಯಾದ ಮೇಲೆ ಎಲೆ ಇಲ್ಲ, ಹೂವಿಲ್ಲ, ತೊಗಟೆಯೂ ಇಲ್ಲ. ಕೆಂಪಗಿರೋದನ್ನೆಲ್ಲ ಮಹಾಗನಿ ಅಂದರೆ ನಂಬೋದು ಹೇಗೆ?

ಇದಕ್ಕೆ ವಿಜ್ಞಾನದಲ್ಲಿ ಒಂದು ದಾರಿ ಇದೆ. ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು, ಅಂದರೆ ಇನ್‌ಫ್ರಾರೆಡ್ ಅನ್ನು, ಮರದ ಮೇಲೆ ಬಿಡುತ್ತಾರೆ. ಸೆಲ್ಯುಲೋಸ್, ಲಿಗ್ನಿನ್, ಎಣ್ಣೆ, ರಾಳ ಇವೆಲ್ಲ ತಮ್ಮ ತಮ್ಮ ಪಾಲಿನ ಬೆಳಕು ಹೀರಿಕೊಳ್ಳುತ್ತವೆ. ಉಳಿದು ವಾಪಸ್ ಬಂದ ಬೆಳಕನ್ನು ಯಂತ್ರ ಒಂದು ಗೆರೆಯಾಗಿ ಬರೆಯುತ್ತೆ. ಒಂದೊಂದು ಜಾತಿಯ ಗೆರೆಯಲ್ಲೂ ಸಣ್ಣ ವ್ಯತ್ಯಾಸ ಇರುತ್ತೆ. ಕಂಪ್ಯೂಟರ್ ಅದನ್ನು ಗೊತ್ತಿರುವ ಮಾದರಿಗಳ ಜೊತೆ ತಾಳೆ ನೋಡುತ್ತೆ, ಅಷ್ಟೇ.

ಬ್ರೆಜಿಲ್ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಸಲಿ ಮಹಾಗನಿಯನ್ನು ಅದರಂತೆಯೇ ಕಾಣುವ ಮೂರು ಮರಗಳಿಂದ ಹೀಗೆಯೇ ಬೇರ್ಪಡಿಸಿ ತೋರಿಸಿದರು. 2013ರಲ್ಲಿ ಅಮೆಜಾನ್ ಮರಗಳ ಒಣ ಎಲೆಗಳ ಮೇಲೂ ಈ ವಿಧಾನ ಕೆಲಸ ಮಾಡಿತು.

ಆದರೆ ಮಿತಿಗಳಿವೆ. ಹಸಿ ಮರದಲ್ಲಿ ನೀರೇ ಬೆಳಕು ಹೀರಿ ಗೆರೆ ಕೆಡಿಸುತ್ತೆ, ಹಾಗಾಗಿ ತುಂಡು ಒಣಗಿರಬೇಕು. ಪಾಲಿಶ್ ಹಚ್ಚಿದ, ಬಿಸಿಲಿಗೆ ಬಣ್ಣಗೆಟ್ಟ ಮೈಯೂ ಬೇಡ, ಹೊಸದಾಗಿ ಕೊಯ್ದ ಮೈ ಬೇಕು. ಯಂತ್ರಕ್ಕೆ ಕಲಿಸದ ಜಾತಿಯನ್ನು ಅದು ಗುರುತಿಸಲಾರದು.

ನಿಮ್ಮ ಮೊಬೈಲ್ ಕ್ಯಾಮೆರಾ ಈ ಕೆಲಸ ಮಾಡಲ್ಲ. ಪರೀಕ್ಷೆಗೆ ಬಳಸುವ ಬೆಳಕು 2500 ನ್ಯಾನೋಮೀಟರ್‌ವರೆಗೂ ಹೋಗುತ್ತೆ. ಫೋನಿನ ಸೆನ್ಸರ್ ಸುಮಾರು 1100ಕ್ಕೇ ನಿಲ್ಲುತ್ತೆ, ಅದರ ಮುಂದೆ ಅವಕೆಂಪು ತಡೆಯುವ ಫಿಲ್ಟರ್ ಬೇರೆ. ಫೋಟೊ ನೋಡಿ ಹೆಸರು ಹೇಳುವ ಆ್ಯಪ್ ನಂಬಿ ದುಡ್ಡಿನ ವ್ಯವಹಾರ ಮಾಡಬೇಡಿ.

ಹಾಗಾದರೆ ಏನು ಮಾಡಬೇಕು? ಸಸಿ ಕೊಳ್ಳುವಾಗಲೇ ಬಿಲ್‌ನಲ್ಲಿ ಸಸ್ಯಶಾಸ್ತ್ರೀಯ ಹೆಸರು ಬರೆಸಿಕೊಳ್ಳಿ. ದೊಡ್ಡೆಲೆ ಮಹಾಗನಿ ಸ್ವೀಟೀನಿಯಾ ಮ್ಯಾಕ್ರೋಫಿಲ್ಲಾ, ಆಫ್ರಿಕನ್ ಮಹಾಗನಿ ಅನ್ನೋದು ಖಾಯಾ. ಎರಡೂ ಬೇರೆ ಬೇರೆ ಮರ. ಮರ ಕಡಿದಾಗ ಅಂಗೈಯಗಲದ ಒಂದು ತುಂಡು ನೆರಳಲ್ಲಿ ಒಣಗಿಸಿ, ಸರ್ವೆ ನಂಬರ್, ಕಡಿದ ತಾರೀಖು ಬರೆದು ಇಟ್ಟುಕೊಳ್ಳಿ. ಜಾತಿಯ ಬಗ್ಗೆ ತಕರಾರು ಬಂದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ವಿಚಾರಿಸಿ. ಅಲ್ಲಿ ಮರದ ಒಳರಚನೆ ನೋಡಿ ಜಾತಿ ಗುರುತಿಸುತ್ತಾರೆ. ಯಾವ ಪರೀಕ್ಷೆಗೂ ನಂಬಿಕಸ್ತ ಮಾದರಿಯೇ ಬುನಾದಿ, ಅದು ನಿಮ್ಮ ಕೈಯಲ್ಲೇ ಇರಲಿ.