ಎಂಜಿನ್ ಆಯಿಲ್: ದಪ್ಪವಾದುದೆಲ್ಲ ಉತ್ತಮವಲ್ಲ

ವಸೂಲಿಗೆ, ಆರ್ಡರು ಪಡೆಯಲು, ಸರಕಿನ ಮಾದರಿ ಕೊಂಡೊಯ್ಯಲು ಸಣ್ಣ ವ್ಯಾಪಾರಸ್ಥರೂ ಉದ್ಯಮಿಗಳೂ ಇಂದು ಕಾರನ್ನೇ ಅವಲಂಬಿಸಿದ್ದಾರೆ. ಕಾರು ಗ್ಯಾರೇಜು ಸೇರಿದರೆ ಆ ದಿನದ ವ್ಯವಹಾರವೂ ನಿಂತಂತೆಯೇ. ಆದರೂ ಆಯಿಲ್ ಬದಲಾಯಿಸುವಾಗ ಯಾವ ಗ್ರೇಡ್ ಎಂಬುದನ್ನು ಅನೇಕರು ವಿಚಾರಿಸುವುದಿಲ್ಲ. ‘ನಮ್ಮದು ಬಿಸಿಲ ನಾಡು, ದಪ್ಪ ಆಯಿಲ್ ಹಾಕಿದರೆ ಎಂಜಿನ್ ಬಾಳಿಕೆ ಬರುತ್ತದೆ’ ಎಂಬ ಹಳೆಯ ನಂಬಿಕೆಯೇ ಇನ್ನೂ ನಡೆದುಬಂದಿದೆ.

ಅಂಕಿಗಳ ಅರ್ಥ

ತೈಲವನ್ನು ಅದರ ಸ್ನಿಗ್ಧತೆ, ಅಂದರೆ ದಪ್ಪಕ್ಕೆ ಅನುಗುಣವಾಗಿ ವರ್ಗೀಕರಿಸುವ ಪದ್ಧತಿಯನ್ನು ಅಮೆರಿಕದ ಎಸ್‌ಎಇ ಸಂಸ್ಥೆಯು 1911ರಲ್ಲಿ ರೂಪಿಸಿತು. 5ಡಬ್ಲ್ಯು-30 ಎಂಬಲ್ಲಿ ‘ಡಬ್ಲ್ಯು’ ಚಳಿಗಾಲದ ಸಂಕೇತ. ಅದರ ಹಿಂದಿನ ಅಂಕಿ ಚಿಕ್ಕದಾದಷ್ಟೂ ತಣ್ಣಗಿರುವ ಎಂಜಿನ್‌ನಲ್ಲಿ ತೈಲವು ಸುಲಭವಾಗಿ ಹರಿಯುತ್ತದೆ. ಮುಂದಿನ ಅಂಕಿಯು ಎಂಜಿನ್ ಕಾದಾಗ ಉಳಿಯುವ ದಪ್ಪವನ್ನು ಸೂಚಿಸುತ್ತದೆ. ಇದನ್ನು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆಯಲಾಗುತ್ತದೆ.

ಬಿಸಿಲೇ ಮಾನದಂಡವಲ್ಲ

ಬೆಂಗಳೂರಿನ ತಂಪಿರಲಿ, ಕಲಬುರಗಿಯ 40 ಡಿಗ್ರಿ ಮೀರಿದ ಬೇಸಿಗೆಯಿರಲಿ, ಓಡುವ ಎಂಜಿನ್‌ನ ಶೀತಕ ದ್ರವವನ್ನು ಥರ್ಮೋಸ್ಟಾಟ್ ಸುಮಾರು 90 ಡಿಗ್ರಿಯ ಆಸುಪಾಸಿನಲ್ಲಿ ಇರಿಸುತ್ತದೆ. ಆದುದರಿಂದ ಹೊರಗಿನ ಬಿಸಿಲೊಂದನ್ನೇ ನೋಡಿ ತೈಲವನ್ನು ಆರಿಸುವುದು ಸರಿಯಲ್ಲ. ಬೇರಿಂಗಿನ ಸಂದು, ತೈಲದ ನಾಳಗಳ ಅಗಲ, ಪಂಪಿನ ಸಾಮರ್ಥ್ಯ ಇವೆಲ್ಲವನ್ನೂ ನಿರ್ದಿಷ್ಟ ಗ್ರೇಡಿಗೆ ಹೊಂದುವಂತೆಯೇ ವಿನ್ಯಾಸಗೊಳಿಸಿರುತ್ತಾರೆ. 0ಡಬ್ಲ್ಯು-20 ಬೇಕಾದ ಎಂಜಿನ್‌ಗೆ 20ಡಬ್ಲ್ಯು-50 ತುಂಬಿದರೆ ಚಾಲೂ ಮಾಡಿದೊಡನೆ ತೈಲವು ಮೇಲ್ಭಾಗವನ್ನು ತಲುಪಲು ತಡವಾಗುತ್ತದೆ, ಇಂಧನದ ಖರ್ಚೂ ಏರುತ್ತದೆ. ಅಗತ್ಯಕ್ಕಿಂತ ತೆಳುವಾದ ತೈಲ ಹಾಕಿದರೆ ಭಾರದ ಕೆಳಗೆ ತೈಲದ ಪದರ ಹರಿದು ಬೇರಿಂಗುಗಳು ಸವೆಯುತ್ತವೆ.

ಆಯ್ಕೆಯ ಕ್ರಮ

ಕಾರಿನೊಡನೆ ಬರುವ ಕೈಪಿಡಿಯೇ ಮೊದಲ ಆಧಾರ. ಅದರಲ್ಲಿ ಒಂದಕ್ಕಿಂತ ಹೆಚ್ಚು ಗ್ರೇಡ್‌ಗಳಿಗೆ ಅನುಮತಿಯಿದ್ದರೆ, ಬೇಸಿಗೆಯಲ್ಲಿ ಹೆಚ್ಚು ಭಾರ ಹೊತ್ತು ದೂರ ಓಡುವ ವಾಹನಕ್ಕೆ ಅವುಗಳಲ್ಲಿ ದಪ್ಪನಾದುದನ್ನು ಆರಿಸಬಹುದು. ಆಯಿಲ್ ಕುಡಿಯುವ ಹಳೆಯ ಎಂಜಿನ್‌ಗೂ ಇದೇ ಮಿತಿ ಅನ್ವಯಿಸುತ್ತದೆ. ದಪ್ಪ ತೈಲವು ಹೊಗೆಯನ್ನು ತುಸು ತಗ್ಗಿಸೀತು, ಸವೆದ ಪಿಸ್ಟನ್ ರಿಂಗನ್ನು ಸರಿಪಡಿಸಲಾರದು.

ದಪ್ಪವು ಸರಿಯಿದ್ದರೂ ಗುಣಮಟ್ಟದ ದರ್ಜೆಯನ್ನು ಪ್ರತ್ಯೇಕವಾಗಿ ನೋಡಬೇಕು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ನಿಯಮದ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದ್ದಲ್ಲಿ, ಕಡಿಮೆ ಬೂದಿ ಉಳಿಸುವ ತೈಲವೇ ಬೇಕು. ಇಲ್ಲವಾದರೆ ಆ ದುಬಾರಿ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ.

ಸೀಲು ಒಡೆಯದ ಡಬ್ಬಿಯನ್ನು ಎದುರಿನಲ್ಲೇ ತೆರೆಸಿ, ಬಿಲ್ಲಿನಲ್ಲಿ ಗ್ರೇಡ್, ದರ್ಜೆ, ಓಡಿದ ಕಿಲೋಮೀಟರ್ ಮೂರನ್ನೂ ಬರೆಸಿಕೊಳ್ಳುವುದು ಹಿತ. ಮುಂದೆ ವಾರಂಟಿಯ ಪ್ರಶ್ನೆ ಎದ್ದರೆ ಮಾಲೀಕರ ಕೈಯಲ್ಲಿ ಉಳಿಯುವ ದಾಖಲೆ ಅದೇ.