ಗಾಜು ಹೊದ್ದ ಮನೆ ಹಾರ್ಡ್‌ವಿಕ್ ಹಾಲ್

ಮನೆ ಕಟ್ಟಿಸಿದವರು ಬಾಗಿಲ ಮೇಲೆ ಹೆಸರು ಕೆತ್ತಿಸುವುದುಂಟು. ಇಂಗ್ಲೆಂಡಿನ ಡರ್ಬಿಶೈರಿನ ಬೆಸ್ ತನ್ನ ಹೆಸರನ್ನು ಮಾಳಿಗೆಯ ನೆತ್ತಿಗೇ ಏರಿಸಿದಳು. ಹಾರ್ಡ್‌ವಿಕ್ ಹಾಲ್‌ನ ಆರು ಗೋಪುರಗಳ ಮೇಲೂ ‘ಇ.ಎಸ್.’ ಎಂಬ ಕಲ್ಲಿನ ಅಕ್ಷರಗಳಿವೆ. ಬೆಸ್‌ಳ ಪೂರ್ತಿ ಹೆಸರಾದ ಎಲಿಜಬೆತ್, ಶ್ರೂಸ್‌ಬರಿಯ ಕೌಂಟೆಸ್ ಎಂದು ಅರ್ಥ.

ನಾಲ್ಕನೆಯ ಗಂಡನೂ ತೀರಿಕೊಂಡ 1590ರಲ್ಲೇ ಈ ಮನೆಯ ಕೆಲಸ ಶುರುವಾಯಿತು. ಅರವತ್ತು ದಾಟಿದ್ದ ಬೆಸ್ 1597ರಲ್ಲಿ ಒಳಗೆ ಕಾಲಿಟ್ಟಳು. ನಕ್ಷೆ ರಾಬರ್ಟ್ ಸ್ಮಿತ್‌ಸನ್‌ನದು ಎನ್ನುತ್ತಾರೆ ತಿಳಿದವರು.

ಗಾಜು ಶ್ರೀಮಂತರ ಸೊತ್ತಾಗಿದ್ದ ಕಾಲವದು. ಅಗಲವಾದ ಹಾಳೆಗಳಿರಲಿಲ್ಲ, ಚಿಕ್ಕ ಚಿಕ್ಕ ಬಿಲ್ಲೆಗಳನ್ನು ಸೀಸದ ಪಟ್ಟಿಯಲ್ಲಿ ಕೂರಿಸಿ ಕಿಟಕಿ ತುಂಬಬೇಕಿತ್ತು. ಅಂಥ ಕಿಟಕಿಗಳೇ ಇಲ್ಲಿ ಗೋಡೆಯನ್ನು ನುಂಗಿವೆ. ಇದು ಸಾಧ್ಯವಾದದ್ದು ಹೊಗೆಗೂಡುಗಳನ್ನು ಒಳಗೋಡೆಗಳಿಗೆ ಸರಿಸಿದ್ದರಿಂದ. ಭಾರ ಹೊರುವ ಕೆಲಸ ನಡುವಿನ ದಪ್ಪ ಗೋಡೆಗೆ, ಬೆಳಕು ತರುವ ಕೆಲಸ ಹೊರಗೋಡೆಗೆ.

ಇನ್ನೊಂದು ಜಾಣತನ ಎತ್ತರದಲ್ಲಿದೆ. ನೆಲಮಹಡಿ ಆಳುಕಾಳುಗಳ ಓಡಾಟಕ್ಕೆ, ಅದರ ಮೇಲಿನದು ಮನೆಯವರಿಗೆ, ತುತ್ತತುದಿಯದು ರಾಜವೈಭವದ ಸತ್ಕಾರಕ್ಕೆ. ಮೇಲೇರಿದಂತೆ ಚಾವಣಿಯೂ ಕಿಟಕಿಯೂ ಎತ್ತರವಾಗುತ್ತವೆ. ಉದ್ದನೆಯ ಕಲ್ಲಿನ ಮೆಟ್ಟಿಲು ಹತ್ತಿದರೆ ಸಿಗುವ ದೊಡ್ಡ ಕೋಣೆಯನ್ನು, ಬೆಸ್ 1587ರಲ್ಲೇ ಕೊಂಡಿಟ್ಟಿದ್ದ ನೇಯ್ದ ಚಿತ್ರಪಟಗಳ ಅಳತೆಗೆ ಹೊಂದಿಸಿ ಕಟ್ಟಲಾಗಿದೆ. ಅವುಗಳ ಮೇಲೆ ಸುತ್ತಲೂ ಗಾರೆಯಲ್ಲಿ ಮೂಡಿಸಿ ಬಣ್ಣ ಬಳಿದ ಕಾಡು. ಅದರಲ್ಲಿ ಬೇಟೆಯ ದೇವತೆ ಡಯಾನಾ.

ಪಕ್ಕದ ಉದ್ದನೆಯ ಪಡಸಾಲೆ ಸುಮಾರು 50 ಮೀಟರ್. ಅಲ್ಲಿ ಬೈಬಲಿನ ಗಿಡಿಯನ್‌ನ ಕಥೆ ಹೇಳುವ 13 ಚಿತ್ರಪಟಗಳಿವೆ. ಸರ್ ಕ್ರಿಸ್ಟೋಫರ್ ಹ್ಯಾಟನ್ ಎಂಬಾತ ಮಾಡಿಸಿದ್ದ ಇವನ್ನು ಆತ ಸತ್ತ ಮೇಲೆ ಬೆಸ್ ಕೊಂಡಳು. ಹಳೆಯ ಲಾಂಛನ ಮುಚ್ಚಿಸುವ ಖರ್ಚಿಗೆಂದು ಬೆಲೆಯಲ್ಲಿ 5 ಪೌಂಡ್ ಮುರಿದುಕೊಂಡಳು. ಹ್ಯಾಟನ್ನನ ಲಾಂಛನದ ಹೆಣ್ಣುಜಿಂಕೆಗೆ ಕೊಂಬು ಬರೆಸಿದರೆ ಸಾಕು, ಅದು ತನ್ನ ಮನೆತನದ ಗಂಡುಜಿಂಕೆ!

1959ರಿಂದ ಮನೆ, ಹಳೆಯ ಕಟ್ಟಡಗಳನ್ನು ಕಾಪಾಡುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನ ಸುಪರ್ದಿಯಲ್ಲಿದೆ. ಕೂಗಳತೆಯಲ್ಲೇ ಬೆಸ್‌ಳ ಹಳೆಯ ಮನೆ ಚಾವಣಿಯಿಲ್ಲದೆ ನಿಂತಿದೆ. ನೋಡಲು ಹೋದವರು ಒಳಗೆ ನುಗ್ಗುವ ಮುನ್ನ ಅಂಗಳದಲ್ಲಿ ಒಂದು ಗಳಿಗೆ ನಿಂತು ಕಿಟಕಿಗಳ ಎತ್ತರ ಗಮನಿಸಿ. ಯಾವ ಮಹಡಿ ಯಾರದ್ದು ಎಂಬುದನ್ನು ಮನೆಯೇ ಹೇಳುತ್ತದೆ.