ಪಾನಾ ಕೊಳ್ಳುವ ಮೊದಲು ಅಂಕಿ ಓದಿ

ಸೋಲಾಪುರದ ಯಂತ್ರಮಗ್ಗವಿರಲಿ, ಹೊಲದ ಮೋಟಾರಿರಲಿ, ನಟ್ ಬಿಚ್ಚಲು ಪಾನಾ ಬೇಕೇ ಬೇಕು. ನಿಮ್ಮ ಪಾನಾ ಕೈಗೆ ತಗೊಳ್ಳಿ. ಅದರ ಮೇಲೆ ಒಂದು ಅಂಕಿ ಇದೆ. ಓದಿರಿ.

13 ಅಂತ ಇದೆಯೇ? ಅದು 13 ಮಿಲಿಮೀಟರ್ ನಟ್ಟಿನ ಪಾನಾ. ನಟ್ಟಿನ ಎದುರುಬದುರಿನ ಎರಡು ಚಪ್ಪಟೆ ಮಗ್ಗುಲುಗಳ ನಡುವಿನ ಅಳತೆ ಅದು. ಇನ್ನೊಂದರ ಮೇಲೆ 1/2 ಅಂತ ಇರುತ್ತದೆ. ಅದು ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್. ಎರಡಕ್ಕೂ ಫರಕು ಕೂದಲೆಳೆಯಷ್ಟು. ಆದರೆ ಅರ್ಧ ಇಂಚಿನ ನಟ್ಟಿಗೆ 13ರ ಪಾನಾ ಹಾಕಿ ಜೋರು ಮಾಡಿದರೆ ಮೂಲೆ ಸವೆಯುತ್ತದೆ. ಪಾನಾ ಜಾರಿ ಕೈ ಕಬ್ಬಿಣಕ್ಕೆ ಬಡಿಯುತ್ತದೆ. ನನ್ನ ಬೆರಳ ಗೆಣ್ಣಿನ ಮೇಲೆ ಅಂಥದೇ ಒಂದು ಕಲೆ ಇದೆ!

ಇನ್ನು ಕಂಪನಿ ಮಾತು. ಅಮೆರಿಕದ ಸ್ನ್ಯಾಪ್-ಆನ್ 1920ರಲ್ಲಿ ಶುರುವಾಯಿತು. ಒಂದೇ ಹಿಡಿಕೆಗೆ ಬೇರೆ ಬೇರೆ ಸಾಕೆಟ್ ಸಿಕ್ಕಿಸುವ ಪದ್ಧತಿಯಿಂದ ಅದು ಹೆಸರಾಯಿತು. 5 ಹಿಡಿಕೆ, 10 ಸಾಕೆಟ್ ಇದ್ದರೆ 50 ಪಾನಾಗಳ ಕೆಲಸ! ಗೆಡೋರ್ ಜರ್ಮನಿಯದು. 1919ರಲ್ಲಿ ರೆಮ್‌ಶೈಡ್ ಊರಿನಲ್ಲಿ ಡೋವಿಡಾಟ್ ಅಣ್ಣತಮ್ಮಂದಿರು ಕಟ್ಟಿದ್ದು. ಟಪಾರಿಯಾ ಕಾರಖಾನೆ ನಮ್ಮ ನಾಶಿಕದಲ್ಲೇ ಇದೆ.

ಒಂದು ಸ್ನ್ಯಾಪ್-ಆನ್ ಸಾಕೆಟ್ಟಿನ ಹಣಕ್ಕೆ ಟಪಾರಿಯಾದವು ಹಲವು ಬರುತ್ತವೆ. ಹಾಗಾದರೆ ದುಬಾರಿ ಮಾಲಿನಲ್ಲಿ ಏನಿದೆ? ಉಕ್ಕು ಗಟ್ಟಿ, ಅಳತೆ ಕರಾರುವಾಕ್ಕು. ಅದು ನಟ್ಟಿನ ಮೂಲೆಯನ್ನು ಒತ್ತದೆ ಪಕ್ಕದ ಚಪ್ಪಟೆ ಭಾಗವನ್ನು ಹಿಡಿಯುತ್ತದೆ. ಹಾಗಾಗಿ ಮೂಲೆ ಉಳಿಯುತ್ತದೆ. ದಿನವಿಡೀ ಗ್ಯಾರೇಜಿನಲ್ಲಿ ದುಡಿಯುವವರಿಗೆ ಇದು ಲಾಭವೇ. ಆದರೆ ಮನೆಯ ಪಂಪು, ನಾಲ್ಕು ಮಗ್ಗ ಇದ್ದವರು ಸಾಲ ಮಾಡಿ ತರುವ ವಸ್ತು ಅಲ್ಲ. ನನ್ನ ಕೇಳಿದರೆ ಟಪಾರಿಯಾ ಸಾಕು. ದಿನಾ ಬಳಸುವ ಒಂದೆರಡು ಅಳತೆಗೆ ಮಾತ್ರ ಬೇಕಾದರೆ ಹೆಚ್ಚಿನದು ತಗೊಳ್ಳಿ. ಅರ್ಧ ಇಂಚಿನ ಚೌಕದ ಹಿಡಿಕೆಗೆ ಅದೇ ಚೌಕದ ಯಾವ ಕಂಪನಿಯ ಸಾಕೆಟ್ಟೂ ಕೂಡುತ್ತದೆ.

ಸಾಕೆಟ್ಟಿನ ಒಳಗೂ ಇಣುಕಿ ನೋಡಿ. ಆರು ಮೂಲೆಯದು, ಹನ್ನೆರಡು ಮೂಲೆಯದು ಅಂತ ಎರಡು ಜಾತಿ. ತುಕ್ಕು ಹಿಡಿದ ನಟ್ಟಿಗೆ ಆರು ಮೂಲೆಯದೇ ಆಗಬೇಕು.

ನಕಲಿ ಮಾಲೂ ಇರುತ್ತದೆ, ಹೆಸರಿನಲ್ಲಿ ಒಂದಕ್ಷರ ಬದಲಿಸಿರುತ್ತಾರೆ. ಹಳೆಯ ಅಸಲಿ ಪಾನಾ ಒಯ್ದು ಅಕ್ಷರಕ್ಕೆ ಅಕ್ಷರ ಹೋಲಿಸಿ. ನಿಮ್ಮ ಯಂತ್ರದ ಒಂದು ಸವೆಯದ ನಟ್ಟನ್ನೂ ಕಿಸೆಯಲ್ಲಿ ಇಟ್ಟುಕೊಳ್ಳಿ. ಅಂಗಡಿಯಲ್ಲೇ ಪಾನಾ ಹಾಕಿ ನೋಡಿ. ಗಡಗಡ ಅಲ್ಲಾಡಿದರೆ, "ಇದು ಬ್ಯಾಡ್ರೀ, ಬ್ಯಾರೇದು ತೋರಿಸ್ರಿ" ಅನ್ನಿರಿ.